ರಾಜಕೋಟಿನಿಂದ ಬಂದ ತೂತು

ಅಡಿಕೆ ಸುಲಿಯುವ ಯಂತ್ರ ಬೇಕೆಂದು ಬಂದವರ ಹತ್ತಿರ ಬದ್ರುದ್ದೀನ್ ಮೊದಲು ಒಂದು ಬುಟ್ಟಿ ಅಡಿಕೆ ಕೇಳುತ್ತಿದ್ದರು. ತೋಟಕ್ಕೊಂದು ಗಾತ್ರ, ಸಿದ್ದಾಪುರದವರ ಅಡಿಕೆಗೆ ಹೊಂದಿಸಿದ ಬ್ಲೇಡು ಯಲ್ಲಾಪುರದವರದ್ದನ್ನು ಒಡೆದುಹಾಕಬಹುದು. ಹಾಗಾಗಿ ಶಿರಸಿಯ ಅವರ ಶೆಡ್ಡಿನಲ್ಲಿ ತಯಾರಾದ ಒಂದೊಂದು ಯಂತ್ರವೂ ಒಂದೊಂದು ಮನೆಯದು.

ಹೋದ ವರ್ಷ ಕೃಷಿ ಮೇಳದಲ್ಲಿ ಹೊರ ರಾಜ್ಯದ ಇಬ್ಬರು ಯಂತ್ರವನ್ನು ಬಿಚ್ಚಿ ತೋರಿಸಿ ಎಂದಾಗ ಬದ್ರುದ್ದೀನ್ ಹಿಗ್ಗಿನಿಂದ ಬಿಚ್ಚಿ ತೋರಿಸಿದರು. ಫೋಟೋ ತೆಗೆಯಲು ಬಿಟ್ಟರು. ಚಹಾ ತರಿಸಿದರು.

ಈ ಸುಗ್ಗಿಯಲ್ಲಿ ಅಡಿಕೆ ಬೆಳೆಗಾರ ಸೀತಾರಾಮ ಹೆಗಡೆ ಪಿಕಪ್ಪಿನಿಂದ ಹೊಸ ಸುಲಿಯುವ ಯಂತ್ರವೊಂದನ್ನು ಇಳಿಸಿದರು. ಹಸಿರು ಬಣ್ಣ, ಗುಜರಾತಿನ ರಾಜಕೋಟಿನ ಸ್ಟಿಕ್ಕರು.

“ಬದ್ರು ಸಾಬ್ರೇ, ಅಡಿಕೆ ಎಲ್ಲ ಹೋಳಾಗಿ ಬೀಳ್ತದೆ ಮಾರಾಯ್ರೆ. ನಮ್ಮನೆ ಅಡಿಕೆಗೆ ಸರಿಮಾಡಿ ಕೊಡಿ.”

ಬದ್ರುದ್ದೀನ್ ಮಂಡಿಯೂರಿ ಕೆಳಗೆ ಇಣುಕಿದರು. ಮೋಟಾರು ಕೂರಿಸುವ ತಗಡಿಗೆ ಬೋಲ್ಟು ನಾಲ್ಕು, ತೂತು ಐದು. ಮೇಳಕ್ಕೆ ಒಯ್ದ ತಮ್ಮ ಯಂತ್ರಕ್ಕೆ ಗಡಿಬಿಡಿಯಲ್ಲಿ ತಾವೇ ತಪ್ಪು ಜಾಗದಲ್ಲಿ ಕೊರೆದಿದ್ದ ಐದನೆಯ ತೂತು ಅದು. ನಕಲು ಮಾಡಿದವರು ಅದನ್ನೂ ಬಿಟ್ಟಿರಲಿಲ್ಲ.

“ಈ ತೂತು ಎಂತಕ್ಕೆ ಗೊತ್ತುಂಟಾ ಹೆಗಡೇರೇ?”

“ಗಾಳಿಗೆ ಇರ್ಬೇಕು.”

“ನನ್ನ ಕೈ ತಪ್ಪಿದ್ದಕ್ಕೆ! ಕದಿಯೂದಾದ್ರೆ ತಪ್ಪನ್ನಾದ್ರೂ ಬಿಟ್ಟು ಕದೀಬಾರ್ದಾ?”

ಹೆಗಡೆ ನಕ್ಕರು. “ಹೋಗ್ಲಿ ಬಿಡಿ. ಅಡಿಕೆ ನಮ್ಮದು, ಯಂತ್ರ ಅವರದ್ದು. ಒಂದೊಂದು ಊರಿಗೆ ಒಂದೊಂದು ಕಸುಬು, ದೇಶ ನಡಿಯೂದೇ ಹಾಗೆ. ನಿಮಗೆ ರಿಪೇರಿ ಸಿಗ್ತದಲ್ಲ?”

“ಯಂತ್ರದ ಕಸುಬೂ ಹೋದ್ಮೇಲೆ, ಅಡಿಕೆ ದರ ಬಿದ್ದ ವರ್ಷ ಈ ಊರು ಎಂತ ತಿನ್ನಬೇಕು? ಸಿಪ್ಪೆಯಾ?”

ವೆಲ್ಡಿಂಗ್ ಮಾಡುತ್ತಿದ್ದ ಮಗಳು ಯಾಸ್ಮೀನ್ ಕನ್ನಡಕ ಮೇಲೇರಿಸಿದಳು. “ಸೀಜನ್ನಲ್ವಾ ಅಬ್ಬಾ. ಬಂದ ಕೆಲಸ ಬಿಡ್ಬೇಡಿ.”

“ಇವತ್ತು ಇದನ್ನ ಮುಟ್ಟಿದ್ರೆ ನಾಳೆ ಇಂಥವೇ ಸಾಲಾಗಿ ಬರ್ತವೆ. ಆಮೇಲೆ ನಾನು ಯಂತ್ರ ಮಾಡುವವನಲ್ಲ, ಅವರ ಯಂತ್ರಕ್ಕೆ ಗ್ರೀಸು ಹಚ್ಚುವವನು. ತಗಂಡು ಹೋಗಿ ಹೆಗಡೇರೇ.”

“ಹಾಗಾದ್ರೆ ಮೆಟ್ಟುಗತ್ತಿ ಹಾಕ್ಕಂಡು ಕೈಯಲ್ಲೇ ಸುಲೀತಾ ಕೂರ್ಲಾ?”

“ಕೂರಿ. ಅದನ್ನಾದ್ರೂ ಈ ಊರಿನ ಕಮ್ಮಾರ ಮಾಡಿದ್ದು.”

ಮುಖ ಕೆಂಪು ಮಾಡಿಕೊಂಡ ಹೆಗಡೆ ಯಂತ್ರವನ್ನು ಮತ್ತೆ ಪಿಕಪ್ಪಿಗೆ ಹೇರಿಸಿದರು. ಪಿಕಪ್ಪು ಹಿಂದಿನ ಸಾಲಿನಲ್ಲಿ ರಿಪೇರಿ ಮಾಡುವ ಜಟ್ಟಪ್ಪನ ಶೆಡ್ಡಿಗೆ ಹೋಗಿ ನಿಂತಿತು. ಸ್ವಲ್ಪ ಹೊತ್ತಿಗೇ ಅಲ್ಲಿಂದ ಗ್ರೈಂಡರಿನ ಕಿರುಚಾಟ ಕೇಳಿಸಿತು.

ಬದ್ರುದ್ದೀನ್ ಮೂಲೆಯಲ್ಲಿ ಅರ್ಧಕ್ಕೆ ನಿಂತಿದ್ದ ಕಾಳುಮೆಣಸು ಬಿಡಿಸುವ ಯಂತ್ರದ ಚೌಕಟ್ಟನ್ನು ದರದರನೆ ನಡುವೆ ಎಳೆದು ತಂದರು.

“ಇದನ್ನ ಯಾರು ಕೇಳಿದ್ದಾರೆ ಅಬ್ಬಾ?”

“ಯಾರೂ ಇಲ್ಲ. ಆ ಕಡೆ ಹಿಡಿ.”