ಕೈಯ ಬರಕತ್ತು

"ಹನಿ ಹನಿ ಕೂಡಿದರೆ ಹಳ್ಳ" ಎಂದು ಹಲಸಂಗಿಯ ನನ್ನ ಅಜ್ಜಿ ಹೇಳುತ್ತಿದ್ದಳು. ಆದರೆ ಹಳ್ಳ ಸೇರದೆ ಇಂಗಿಹೋದ ಹನಿಗಳ ಲೆಕ್ಕವೇನು?

ಸಿಂದಗಿಯ ಕಾಲೇಜೊಂದರಲ್ಲಿ ಕನ್ನಡ ಕಲಿಸುವ ನನಗೆ ಬಾಸ್ಕೆಟ್‌ಬಾಲ್ ತಂಡದ ಕೊನೆಯ ಆಟಗಾರ್ತಿಯನ್ನು ಆರಿಸುವ ಹೊಣೆಯೂ ಬಿತ್ತು. ಅತಿ ಹೆಚ್ಚು ಅಂಕ ಗಳಿಸಿದವಳು ಶಾಂತಾ. ಆದರೆ ಚೆಂಡು ಕೈಸೇರಿದ ಪ್ರತಿ ಅವಕಾಶಕ್ಕೆ ಎಷ್ಟು ಅಂಕ ಬಂದಿತೆಂದು ಭಾಗಿಸಿ ನೋಡಿದರೆ ರೇಣುಕಾ ಮುಂದಿದ್ದಳು.

"ಶಾಂತಾ, ನಿನ್ನ ಆಕ್ರಮಣ ದಕ್ಷತೆ ಕಡಿಮೆ," ಎಂದೆ.

"ಹಂಗಂದ್ರ ಏನ್ರಿ ಮೇಡಂ?"

"ಎಸೆತ ಬಹಳ, ಬುಟ್ಟಿಗೆ ಬೀಳುವುದು ಸ್ವಲ್ಪ."

"ಕೈಯಾಗ ಬರಕತ್ತಿಲ್ಲ ಅನ್ರಿ! ಇಷ್ಟು ಹೇಳಾಕ ಎಂ.ಎ. ಓದಬೇಕೇನ್ರಿ?"

ಸುತ್ತ ನಿಂತ ಹುಡುಗಿಯರೆಲ್ಲ ನಕ್ಕರು, ಶಾಂತಾಳ ಕಣ್ಣು ಮಾತ್ರ ಒದ್ದೆಯಾಗಿತ್ತು.

ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ: "ಕೊನೆಯ ಸ್ಥಾನ ರೇಣುಕಾಳದು. ಇನ್ನು ಮುಂದೆ ನಾವು ದಕ್ಷತೆ ಎನ್ನುವುದಿಲ್ಲ, ಬರಕತ್ತು ಎನ್ನುತ್ತೇವೆ. ಆ ಪದ ಶಾಂತಾಳದು."