ಬೆಲ್ಲ ಇಳಿದ ದಾರಿ, ಧೂಳು ಇಳಿದ ದಾರಿ

ಮಂಡ್ಯದ ಆಸ್ಪತ್ರೆಯ ಆ ಕೋಣೆಯಲ್ಲಿ ಅವತ್ತು ನಾಲ್ಕು ಜನ ಇದ್ದೆವು. ಮೇಜಿನ ಆಚೆ ಡಾಕ್ಟರಮ್ಮ, ಈಚೆ ನಮ್ಮಣ್ಣಯ್ಯ, ಅತ್ತಿಗೆ, ನಾನು. ಅಣ್ಣಯ್ಯ ಫೈರ್ ಇಂಜಿನ್ನಿನ ಕೆಲಸದಲ್ಲಿದ್ದು ಮಳವಳ್ಳಿ, ಮದ್ದೂರು, ಮಂಡ್ಯ ಮೂರೂ ಕಡೆ ಬೆಂಕಿ ಆರಿಸಿ ನಿವೃತ್ತನಾದವನು. ಮೆಟ್ಟಿಲು ಹತ್ತಿದರೆ ಏದುಸಿರು ಎಂದು ತೋರಿಸಲು ಹೋದರೆ ಬಲಗಡೆಯ ಶ್ವಾಸಕೋಶದ ಸುತ್ತ ನೀರು ತುಂಬಿತ್ತು. ಆ ನೀರು ತೆಗೆದು, ಒಳಗಿನ ಪೊರೆಯ ಚೂರೊಂದನ್ನು ಪರೀಕ್ಷೆಗೆ ಕಳಿಸಿದ್ದರು. ಅದರಲ್ಲಿ ಏನು ಬಂತೆಂದು ಕೇಳಲು ಹೋಗಿದ್ದೆವು.

ಡಾಕ್ಟರಮ್ಮ ಏನು ಬಂತೆಂದು ಹೇಳಲಿಲ್ಲ. ಮೊದಲು ಕೇಳಿದರು, "ಸಿಮೆಂಟ್ ಶೀಟು ಮಾಡೋ ಕಾರ್ಖಾನೆಯಲ್ಲಿ ಯಾವಾಗಲಾದ್ರೂ ಕೆಲಸ ಮಾಡಿದ್ರಾ ಸಾರ್? ಕಲ್ನಾರಿನ ಶೀಟು, ಆಸ್ಬೆಸ್ಟಾಸ್ ಅಂತಾರಲ್ಲ?"

"ಮಾಡೋ ಕಡೆ ಇರ್ಲಿಲ್ಲ ಕಣಮ್ಮ. ಅದು ಸುಡೋ ಕಡೆ ಇದ್ದೆ," ಅಂದ ಅಣ್ಣಯ್ಯ.

ಡಾಕ್ಟರಮ್ಮ ನಗಲಿಲ್ಲ.

ಕಬ್ಬಿನ ಹಾಲು ಕಾಯಿಸಿ ಬೆಲ್ಲ ತೆಗೆಯುವ ನಮ್ಮ ಕಡೆಯ ಆಲೆಮನೆಗಳಿಗೆ ಬಹುಪಾಲು ಅದೇ ಶೀಟಿನ ಸೂರು. ಒಲೆಯ ಕಿಡಿ ಪಕ್ಕದ ಕಬ್ಬಿನ ಒಣಸಿಪ್ಪೆಯ ರಾಶಿಗೆ ಹಾರಿದರೆ ಮುಗಿಯಿತು, ಫೈರ್ ಗಾಡಿಯೇ ಬರಬೇಕು.

"ಕಾದ್ರೆ ಶೀಟು ಪಟಾಕಿ ಒಡ್ದಂಗೆ ಸಿಡೀತದೆ," ಅಣ್ಣಯ್ಯ ಕತೆ ಹೇಳುವಂತೆ ಹೇಳಿದ. "ಉರಿ ಬೇಗ ಆರೋಯ್ತದೆ ಕಣಮ್ಮ. ಸಿಪ್ಪೆ ಮಾತ್ರ ಒಳಗೊಳಗೇ ಕನಲ್ತಿರ್ತದೆ. ಕೊಕ್ಕೆ ಆಕಿ ಎಳ್ದೆಳ್ದು ಕೆದಕ್ಬೇಕು. ಶೀಟಿನ ಪುಡಿ ಎಲ್ಲಾ ಅದ್ರಲ್ಲೇ ಬೆರ್ತಿರ್ತದೆ."

"ಆಗ ಮುಖಕ್ಕೆ ಏನು ಹಾಕ್ಕೊಳ್ತಿದ್ರಿ?"

"ಉರಿ ಆರಿದ್ಮ್ಯಾಲೆ ಮುಖಕ್ಯಾಕಮ್ಮ? ಬೆಲ್ಲ ತಿಂತಿದ್ವಲ್ಲ."

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ಅತ್ತಿಗೆ ಬಿಡಿಸಿ ಹೇಳಿದರು. ಬೆಂಕಿ ಆರಿಸಿದ ಮೇಲೆ ಆಲೆಮನೆಯವರು ಫೈರಿನವರೆಲ್ಲರ ಕೈಗೂ ಒಂದೊಂದು ಉಂಡೆ ಬೆಲ್ಲ ಕೊಡುತ್ತಿದ್ದರು. ಇವರು ಆ ಒಡೆದ ಶೀಟುಗಳ ಮೇಲೇ ಕೂತು ತಿನ್ನುತ್ತಿದ್ದರು. ಬೆಲ್ಲ ತಿಂದರೆ ಕುಡಿದ ಧೂಳೆಲ್ಲ ಕೆಳಗಿಳಿಯುತ್ತದೆ ಅನ್ನುವುದು ನಮ್ಮಜ್ಜಿ ಹೇಳಿದ ಮಾತು. ಭತ್ತ ತೂರಿ ಬಂದವರಿಗೂ ಅವಳು ಅದನ್ನೇ ಕೊಡುತ್ತಿದ್ದಳು. ನಾವು ಮಾತು ಕಲಿತದ್ದೇ ಅವಳಿಂದ, ಅವಳ ಮಾತನ್ನು ಅನುಮಾನಿಸುವುದು ಎಲ್ಲಿಂದ?

ಡಾಕ್ಟರಮ್ಮ ಮೆಲ್ಲಗೆ ಹೇಳಿದರು. "ಬೆಲ್ಲ ಹೊಟ್ಟೆಗೆ ಹೋಗುತ್ತೆ ಸಾರ್. ಧೂಳು ಉಸಿರಿನ ಜೊತೆ ಎದೆಗೆ ಹೋಗುತ್ತೆ. ಎರಡಕ್ಕೂ ದಾರಿ ಬೇರೆ. ಆ ಶೀಟಿನ ಪುಡಿಯಲ್ಲಿರೋ ನಾರು ಒಳಗೇ ಕೂತು ಎಷ್ಟೋ ವರ್ಷ ಸುಮ್ಮನಿದ್ದು, ಆಮೇಲೆ ಕಾಯಿಲೆ ಎಬ್ಬಿಸುತ್ತೆ."

ಆಮೇಲೆ ಕಾಯಿಲೆಯ ಹೆಸರು ಹೇಳಿದರು. ಮೀಸೋಥೀಲಿಯೋಮಾ. ಶ್ವಾಸಕೋಶದ ಪೊರೆಗೆ ಬರುವ ಕ್ಯಾನ್ಸರ್. ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಲೇ ಇದ್ದರು.

"ಮೊದಲು ಇದಕ್ಕೆ ಕೀಮೋ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಈಗ ಇಮ್ಯುನೊಥೆರಪಿ ಅಂತ ಬಂದಿದೆ, ಡ್ರಿಪ್ಪಿನಲ್ಲಿ ಕೊಡೋದು. ಕ್ಯಾನ್ಸರು ನಮ್ಮ ಮೈಯೊಳಗಿನ ಕಾವಲಿನವರ ಕಣ್ಣಿಗೆ ಮಣ್ಣೆರಚಿ ಕೂತಿರುತ್ತೆ. ಈ ಔಷಧಿ ಆ ಮಣ್ಣು ಒರೆಸುತ್ತೆ. ವಾಸಿಯಾಗುತ್ತೆ ಅಂತ ಮಾತು ಕೊಡಲ್ಲ. ಕೆಲವರಿಗೆ ಒಳ್ಳೇ ಕಾಲ ಸಿಕ್ಕಿದೆ, ಕೆಲವರಿಗೆ ಹಿಡಿದಿಲ್ಲ. ಬೆಂಗಳೂರಿಗೆ ಹೋಗಬೇಕು, ತಡ ಮಾಡಬಾರದು."

ಗುತ್ತಲಿನ ನಮ್ಮ ಮನೆಗೆ ಬಂದವನೇ ಅಣ್ಣಯ್ಯ, "ನಾನು ಎಲ್ಗೂ ಓಗಲ್ಲ. ಬುಡಿ," ಅಂದ. ಹಿತ್ತಲ ಕಡೆ ಮುಖ ಮಾಡಿ ಕೂತ. ನಮ್ಮ ಬಚ್ಚಲಿನ ಮೇಲೂ ಶೀಟೇ. ಅದರ ಒಂದು ಮೂಲೆ ಮುರಿದು ಎಳೆ ಎಳೆಯಾಗಿತ್ತು. ಅವನು ಅದನ್ನೇ ನೋಡುತ್ತಿದ್ದ, ನಾನು ಅವನನ್ನು. ಬಾವಿಗೆ ಬಿದ್ದವರನ್ನು ಹಗ್ಗ ಕಟ್ಟಿಕೊಂಡು ಇಳಿದು ಎತ್ತಿ ತಂದವನು ಬಚ್ಚಲಿಗೆ ಕಾಲಿಡಲು ಹಿಂಜರಿಯುತ್ತಿದ್ದ. ಹೆದರಿಕೆ ಅನ್ನೋದು ಹಸಿ ಸೌದೆ ಕಣೆ, ಉರಿಯಲ್ಲ, ಹೊಗೆಯಾಡ್ತದೆ ಅನ್ನುತ್ತಿದ್ದಳು ಅಜ್ಜಿ. ಮನೆ ತುಂಬ ಆ ಹೊಗೆ.

ಸಂಜೆ ಅವನೇ ಫೋನು ತೆಗೆದ. ದುದ್ದದಲ್ಲಿರುವ ಗೆಳೆಯನಿಗೆ, ಆ ಬೆಂಕಿಗಳಿಗೆಲ್ಲ ಜೊತೆಗೆ ಬಂದು ಫೈರ್ ಗಾಡಿ ಓಡಿಸುತ್ತಿದ್ದ ಡ್ರೈವರಿಗೆ. ಅಣ್ಣಯ್ಯನಿಗೆ ಕಿವಿ ಮಂದ, ಫೋನು ಸ್ಪೀಕರಿನಲ್ಲೇ ಇತ್ತು.

"ಏನ್ಲಾ, ಇನ್ನೂ ಇದೀಯಾ?"

"ನಿನ್ನ ತಿಥಿ ವಡೆ ತಿನ್ನೋಗಂಟ ಇರ್ತೀನಿ ಬುಡ್ಲಾ."

ಅಣ್ಣಯ್ಯ ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದ. ಆ ಕಡೆಯಿಂದ ಕೆಮ್ಮು ಕೇಳಿಸಿತು.

"ನಿಂಗೂ ಕೆಮ್ಮು ಅದೆ," ಅಂದ ಅಣ್ಣಯ್ಯ. "ನಾಳೆ ಓಗಿ ಎದೆ ಫೋಟೋ ತೆಗುಸ್ಲಾ."

"ಇದು ಬೀಡಿ ಕೆಮ್ಮು ಕಣ್ಲಾ."

"ನಾನೂ ವಯಸ್ಸಿನ ಏದುಸ್ರು ಅಂತಿದ್ದೆ."

"ಸರಿ. ನೀನು ಬೆಂಗ್ಳೂರ್ಗೆ ಓಯ್ತೀಯಾ?"

"ಇಲ್ಲ."

"ಅಂಗಾದ್ರೆ ನಾನ್ಯಾಕ್ಲಾ ಫೋಟೋ ತೆಗುಸ್ಲಿ? ಬರೀ ಎದ್ರುಕೊಂಡು ಸಾಯಕಾ?"

ಅಣ್ಣಯ್ಯನ ಕಣ್ಣು ಮತ್ತೆ ಹಿತ್ತಲ ಕಡೆ ಹೋಯಿತು. ಅತ್ತಿಗೆ ಬಾಗಿಲ ಬಳಿ ನಿಂತಿದ್ದರು. ಕೊನೆಗೆ ಅಂದ, "ಓಯ್ತೀನಿ ಕಣ್ಲಾ. ನೀನೂ ಬಾ."

ಒಂದೇ ಕಾರಿನಲ್ಲಿ ಬೆಂಗಳೂರಿಗೆ ಹೋದೆವು. ದುದ್ದದ ಡ್ರೈವರ್ ಕೆಮ್ಮಿದಾಗಲೆಲ್ಲ ಅಣ್ಣಯ್ಯ ತಿರುಗಿ ನೋಡುತ್ತಿದ್ದ. ಅಲ್ಲಿ ಫೋಟೋ ತೆಗೆಸಿದಾಗ ಡ್ರೈವರ ಎದೆಯ ಪೊರೆಯಲ್ಲೂ ಹಳೆಯ ಗಟ್ಟಿ ಕಲೆಗಳು ಕಂಡವು. ಕ್ಯಾನ್ಸರ್ ಅಲ್ಲ, ಆದರೆ ವರ್ಷ ವರ್ಷ ನೋಡುತ್ತಿರಬೇಕು ಅಂದರು ಅಲ್ಲಿನ ಡಾಕ್ಟರು. ಅಣ್ಣಯ್ಯನಿಗೆ ಡ್ರಿಪ್ ಶುರುವಾಯಿತು. ಮೈಯೆಲ್ಲ ತುರಿಕೆ, ಊಟ ಬೇಡ, ಸದಾ ಸುಸ್ತು. ಕೆಲವು ತಿಂಗಳ ಮೇಲೆ ಮಾಡಿದ ಸ್ಕ್ಯಾನಿನಲ್ಲಿ ಗಡ್ಡೆ ಕರಗಿರಲಿಲ್ಲ, ಬೆಳೆದೂ ಇರಲಿಲ್ಲ. ಅದೂ ಲಾಭವೇ ಅಂದರು ಡಾಕ್ಟರು. ಮುಂದಿನ ಸ್ಕ್ಯಾನು ಹತ್ತಿರ ಬಂದಂತೆ ನಮಗೆಲ್ಲ ನಿದ್ದೆ ಹಾರುತ್ತದೆ.

ಆಮೇಲೆ ಒಂದು ದಿನ ದುದ್ದದ ಹತ್ತಿರದ ಆಲೆಮನೆಯೊಂದಕ್ಕೆ ಬೆಂಕಿ ಬಿತ್ತು. ನಮ್ಮ ಹಳೆಯ ಡ್ರೈವರ್ ರಸ್ತೆಯಲ್ಲೇ ನಿಂತು, ರಾಶಿ ಕೆದಕುವ ಮೊದಲು ನೀರು ಹಾಕಿ ಚೆನ್ನಾಗಿ ನೆನೆಸಿ, ಮಾಸ್ಕು ತೆಗೀಬೇಡಿ ಎಂದು ಈಗಿನ ಫೈರಿನವರಿಗೆ ಕೂಗಿ ಹೇಳಿದರಂತೆ. ಅಲ್ಲಿಂದಲೇ ಅಣ್ಣಯ್ಯನಿಗೆ ಫೋನು ಮಾಡಿದರು.

"ಬೆಲ್ಲ ಕೊಟ್ರೇನ್ಲಾ?" ಅಂತ ಕೇಳಿದ ಅಣ್ಣಯ್ಯ.

"ಕೊಟ್ರು. ಮುಖ ತೊಳ್ಕಂಡು, ರೋಡಿಗೆ ಬಂದು ತಿಂತಾವ್ರೆ."