ಜೌಗು ಬನದಲ್ಲಿ ಜನಾಬಾಯಿಯ ಹಿಂದೆ

"ಚಪ್ಲಿ ಇಲ್ಲೇ ಬಿಡ್ರಿ. ಬೂಟೂ ಬಿಡ್ರಿ. ಸಾಕ್ಸ್ ಅಂತೂ ಬ್ಯಾಡೇ ಬ್ಯಾಡ."

ಬೆಳಗಿನ ಐದೂ ಮುಕ್ಕಾಲು. ಬೀದರ್ ತಾಲ್ಲೂಕಿನ ಬಗದಲ್ ದಾಟಿ ಕೆಂಪು ಕಲ್ಲಿನ ದಿಬ್ಬ ಇಳಿದರೆ ಸಿಗುವ ಹುಣಸೆ ಮರದ ಬುಡದಲ್ಲಿ ನಾವು ಹದಿಮೂರು ಮಂದಿ ಬರಿಗಾಲಲ್ಲಿ ನಿಂತಿದ್ದೇವೆ. ಈ ನಡಿಗೆಗೆಂದೇ ಹೊಸ ಬೂಟು ಕೊಂಡಿದ್ದ ನನ್ನ ಮುಖ ಸಪ್ಪಗಾಗಿದೆ. ಜನಾಬಾಯಿಗೆ ಅದರ ಪರಿವೆ ಇಲ್ಲ. ಕಚ್ಚೆ ಬಿಗಿದು, ಹೆಗಲಿಗೆ ಉಣ್ಣೆ ಹಗ್ಗದ ಸುರುಳಿ ಏರಿಸಿಕೊಂಡು ಅವರು ನಮ್ಮನ್ನು ಎಣಿಸುತ್ತಿದ್ದಾರೆ. ಒಬ್ಬೊಬ್ಬರನ್ನಾಗಿ ಅಲ್ಲ, ಜೋಡಿ ಜೋಡಿಯಾಗಿ. ಆರು ಜೋಡಿ ಮುಗಿದ ಮೇಲೆ ನಾನೊಬ್ಬ ಉಳಿಯುತ್ತೇನೆ.

"ಪೇಪರ್‌ನೋರು ನೀವು, ಇದೊಂದು ಜಾಸ್ತಿ" ಎಂದು ನನ್ನ ಹೆಗಲು ತಟ್ಟಿ ಸಾಲಿನ ಕೊನೆಗೆ ಸೇರಿಸುತ್ತಾರೆ. ದೊಡ್ಡಿಗೆ ಹೊಸದಾಗಿ ಬಂದ ಕುರಿಯನ್ನು ಬರಮಾಡಿಕೊಳ್ಳುವ ದನಿ ಅದು. ನಿಜ ಹೇಳಬೇಕೆಂದರೆ, ನನಗೆ ಖುಷಿಯೇ ಆಗುತ್ತದೆ.

ಐವತ್ತೆರಡು ವರ್ಷದ ಜನಾಬಾಯಿ ಈ ಕ್ಯಾದಗಿ ಬನದ ಮಾರ್ಗದರ್ಶಿ. ಬೀದರ್ ಸೀಮೆಯಲ್ಲಿ ಜೌಗು ಕಾಡೇ ಎಂದು ಮೂಗು ಮುರಿಯುವವರು ಇರಬಹುದು. ನಾನೂ ಮುರಿದವನೇ. ಆದರೆ ಇಲ್ಲಿನ ಕೆಂಪು ಕಲ್ಲು ಮಳೆನೀರನ್ನು ಹೀರಿ ಒಳಗೇ ಇಟ್ಟುಕೊಳ್ಳುತ್ತದೆ, ದಿಬ್ಬದ ಬುಡದಲ್ಲಿ ವರ್ಷವಿಡೀ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಹಾಗೆ ಬಿಟ್ಟ ನೀರಿನಲ್ಲಿ ಹನ್ನೊಂದು ಎಕರೆ ಕೆಸರು, ಕೆಸರಿನಲ್ಲಿ ಹೊಳೆಮತ್ತಿ, ಅತ್ತಿ, ನೇರಳೆ, ಅವುಗಳ ಸಂದಿನಲ್ಲೆಲ್ಲ ಮುಳ್ಳಿನ ಕೇದಿಗೆ ಪೊದೆ, ಇಲ್ಲಿನವರ ಬಾಯಲ್ಲಿ ಕ್ಯಾದಗಿ. ಈಗ ಶ್ರಾವಣ. ಹೂವು ಕಣ್ಣಿಗೆ ಬೀಳುವ ಮೊದಲೇ ಅದರ ಪರಿಮಳ ಮೂಗಿಗೆ ಬರುತ್ತದೆ.

ವಾರದ ದಿನಗಳಲ್ಲಿ ಒಂದು ತಂಡ, ಭಾನುವಾರ ಎರಡು. ಒಂದು ತಂಡಕ್ಕೆ ಹನ್ನೆರಡೇ ಮಂದಿ. ಭಾಲ್ಕಿಯಿಂದ, ಔರಾದಿನಿಂದ ಶಾಲೆಯ ಮಕ್ಕಳು ಬಸ್ಸಿನಲ್ಲಿ ಬರುತ್ತಾರೆ. ಬೀದರ್ ನಗರದವರು ಕ್ಯಾಮೆರಾ ನೇತು ಹಾಕಿಕೊಂಡು ಬರುತ್ತಾರೆ. ಮುಕ್ಕಾಲು ಕಿಲೋಮೀಟರು ನಡೆಯಲು ಒಂದೂ ಮುಕ್ಕಾಲು ತಾಸು ಬೇಕು. ಜನಾಬಾಯಿ ಪ್ರತಿ ಹೆಜ್ಜೆಗೂ ಬಾರೆಹಣ್ಣಿನ ಮರದ ಕೋಲನ್ನು ಕೆಸರಿಗೆ ಊರಿ, ಅರ್ಧ ತಿರುವಿ, ಎಳೆಯುತ್ತಾರೆ. ಕೋಲು ಸುಮ್ಮನೆ ಬಂದರೆ ಮುಂದೆ ಹೆಜ್ಜೆ. 'ಪಚಕ್' ಎಂದರೆ ಬೇರೆ ಕಡೆ. ಎಷ್ಟು ಸಲ ಊರುತ್ತಾರೆಂದು ಎಣಿಸಲು ಹೊರಟೆ. ಇನ್ನೂರು ದಾಟಿದ ಮೇಲೆ ಮಿಂಚುಳ್ಳಿಯೊಂದು ಹಾರಿ ಲೆಕ್ಕ ತಪ್ಪಿತು.

"ನಿನ್ನಿ ಗಟ್ಟಿ ಇದ್ದ ಜಾಗಾ ಇವತ್ತ ಗಟ್ಟಿ ಇರ್ತದಂತ ಹೇಳಾಕ ಬರಂಗಿಲ್ರಿ" ಎನ್ನುತ್ತಾರೆ. "ಇದು ದಿನಾ ಜಾಗಾ ಬದಲಿ ಮಾಡ್ತದ. ಅದಕ್ಕ ದಿನಾ ಹೊಸದಾಗಿ ಕೇಳಬೇಕು."

ಅವರ ತವರು ಔರಾದ ತಾಲ್ಲೂಕಿನ ಠಾಣಾ ಕುಶನೂರ. ತೊಗರಿ, ಸೋಯಾ, ಜೋಳದ ಕರಿನೆಲದಲ್ಲಿ ಬೆಳೆದವರು. ಮದುವೆಯಾಗಿ ಈ ಕಡೆ ಬಂದ ಮೊದಲ ಬೇಸಿಗೆಯಲ್ಲೇ, ಹಸಿರು ಕಂಡ ಕಡೆ ಕುರಿ ಬಿಟ್ಟರು. ಎರಡು ಕುರಿ ಕಣ್ಣೆದುರೇ ಕುತ್ತಿಗೆಯವರೆಗೆ ಹೂತುಹೋದವು. ಅತ್ತೆ ಬೈಯಲಿಲ್ಲವಂತೆ, ಮಾತೂ ಆಡಲಿಲ್ಲವಂತೆ. ಅದು ಬೈಗುಳಕ್ಕಿಂತ ಕೆಟ್ಟದ್ದು ಎಂದು ಜನಾಬಾಯಿ ಈಗಲೂ ಹೇಳುತ್ತಾರೆ. ಮುಂದಿನ ಮೂವತ್ತು ವರ್ಷ ಕುರಿಗಳ ಜೊತೆ ಈ ಕೆಸರಿನ ಅಂಚಿನಲ್ಲೇ ತಿರುಗಿದರು. ಬನದ ಒಳಗೆಲ್ಲ ಓಡಾಡಬಲ್ಲವರು ಊರಲ್ಲಿ ಇವರೊಬ್ಬರೇ ಉಳಿದರು. ಗಂಡ ಬಕ್ಕಪ್ಪ ಇಂದಿಗೂ ಹುಣಸೆ ಮರ ದಾಟುವುದಿಲ್ಲ. "ಆಕಿಗಿ ಹುಚ್ಚು" ಎಂದು ಹೆಮ್ಮೆಯಿಂದ ಹೇಳಿ ಬೀಡಿ ಹಚ್ಚುತ್ತಾರೆ.

ಮೂರು ವರ್ಷದ ಹಿಂದೆ ಗ್ರಾಮ ಅರಣ್ಯ ಸಮಿತಿ ನಡಿಗೆ ಶುರು ಮಾಡಿ, ಕೆಲಸವನ್ನು ಜನಾಬಾಯಿಗೆ ಒಪ್ಪಿಸಿತು. ಮೊದಲ ದಿನವೇ ಫಜೀತಿ. ಆ ಕತೆಯನ್ನು ಹೇಳುವವರು ಬೀದರಿನ ಶೀಬಾ ಟೀಚರ್. ಅಂದು ಕೆಸರಿಗೆ ಸಿಕ್ಕವರು ಅವರೇ. ಇಂದು ಒಂಬತ್ತನೇ ಸಲ ಬಂದಿದ್ದಾರೆ.

"ಇವ್ರು ನಮ್ಮನ್ನೆಲ್ಲಾ ಮುಂದ ಬಿಟ್ರು, ತಾವು ಹಿಂದ ನಿಂತು 'ಹುರ್ರ್, ಹುರ್ರ್' ಅನ್ಲಾಕತ್ರು" ಎಂದು ಶೀಬಾ ನಗುತ್ತಾರೆ. "ನಾ ಅಂತೂ ಸಂಡೇ ಪ್ರಾರ್ಥನಾಕ್ಕ ಹೋಗೋರ ಹಾಂಗ ತಲಿ ಎತ್ತಿ ನಡದೆ. ಹತ್ತ ಹೆಜ್ಜಿ ಆಗಿರಬೇಕು, ಸೊಂಟದ ತನಕ ಒಳಗ!"

ಜನಾಬಾಯಿ ಕೋಲು ಊರುವುದನ್ನು ನಿಲ್ಲಿಸದೆ ತಪ್ಪೊಪ್ಪಿಕೊಳ್ಳುತ್ತಾರೆ. "ಕುರಿ ಮುಂದ, ನಾ ಹಿಂದ. ಸಣ್ಣಾಕಿ ಇದ್ದಾಗಿಂದ ಅದೇ ರೂಢಿರಿ. ಕುರಿಗಿ ನೆಲ ಮೆತ್ತಗಾತು ಅಂದ್ರ ಮೂಸಿ ನಿಂದರ್ತದ. ಮಂದೀನೂ ನಿಂದರ್ತಾರ ಅನ್ಕೊಂಡೆ. ಮಂದಿ ನಿಂದ್ರಂಗಿಲ್ರಿ, ಮಾತಾಡ್ಕೊಂತ ಹೋಗೇ ಬಿಡ್ತಾರ."

ಅಂದು ರಾತ್ರಿಯಿಡೀ ಕೂತು ಉಣ್ಣೆ ಹೊಸೆದು ಈ ಹಗ್ಗ ಮಾಡಿದರಂತೆ. ಮಾರಿಗೊಂದು ಗಂಟು, ಗಂಟಿಗೊಬ್ಬರು. ಉಣ್ಣೆ ನೆನೆದರೂ ಕೈಯಿಂದ ಜಾರುವುದಿಲ್ಲ. ಮರುದಿನದಿಂದ ಅವರು ಮುಂದೆ ನಡೆಯತೊಡಗಿದರು. "ಬೆನ್ನ ಹಿಂದ ಮಂದಿ ಇದ್ರ ಮೈ ಝುಂ ಅಂತಿತ್ರಿ. ಯಾರ್ ಉಳದ್ರು, ಯಾರ್ ಹೋದ್ರು ಗೊತ್ತಾಗಂಗಿಲ್ಲ. ಈಗ ಹಗ್ಗ ಹೇಳ್ತದ."

ಇಷ್ಟು ಕತೆ ಕೇಳುವಾಗಲೂ ಸಾಲಿನಲ್ಲಿ ಒಬ್ಬರು ನಗುವುದಿಲ್ಲ. ಬಿಳಿ ಪ್ಯಾಂಟನ್ನು ಮೊಣಕಾಲಿಗೆ ಮಡಚಿಕೊಂಡು ಮೂರನೆಯ ಗಂಟು ಹಿಡಿದಿರುವ ಅವರು ಅಮಿತಕುಮಾರ, ಸಮಿತಿಯ ಈಗಿನ ಅಧ್ಯಕ್ಷರು. ಬನದ ನಡುವೆ ಉದ್ದಕ್ಕೂ ಕೆಂಪು ಗರಸು ಮಣ್ಣು, ಅಂದರೆ ಮುರುಮು, ಸುರಿದು ಗಟ್ಟಿ ದಾರಿ ಮಾಡಿಸಬೇಕೆಂಬುದು ಅವರ ಯೋಜನೆ. ದಿಬ್ಬದ ಮೇಲೆ ಮುರುಮಿನ ರಾಶಿ ಆಗಲೇ ಬಂದು ಬಿದ್ದಿದೆ. ನಾಳೆ ಸೋಮವಾರ ಟ್ರ್ಯಾಕ್ಟರ್ ಬನಕ್ಕೆ ಇಳಿಯುತ್ತದೆ. ಇಳಿದರೆ ಅರ್ಧ ಬನ ಒಣಗುತ್ತದೆ ಎಂದು ಜನಾಬಾಯಿ ಸಭೆಯಲ್ಲಿ ಹೇಳಿದ್ದಾರೆ. ಯಾರೂ ಕಿವಿಗೆ ಹಾಕಿಕೊಂಡಿಲ್ಲ. ಕೊನೆಗೆ ಅವರು ಕೇಳಿದ್ದು ಒಂದೇ ಮಾತು: ಒಂದು ಸಲ ನನ್ನ ಹಿಂದೆ ನಡೆದು, ಆಮೇಲೆ ಏನಾದರೂ ಮಾಡಿರಿ. ಅದಕ್ಕೇ ಇಂದು ಅಧ್ಯಕ್ಷರು ಬಂದಿದ್ದಾರೆ. ಜನಾಬಾಯಿಯ ಕೋಲು ಹಿಡಿದ ಕೈ ಎಂದಿಗಿಂತ ಬಿಗಿಯಾಗಿದೆ ಎಂದು ಶೀಬಾ ನನ್ನ ಕಿವಿಯಲ್ಲಿ ಹೇಳುತ್ತಾರೆ.

ನಡುಬನದ ದೊಡ್ಡ ಹೊಳೆಮತ್ತಿಯ ಹತ್ತಿರ ಕೆಸರು ಮುಗಿದು ಮೊಣಕಾಲುದ್ದ ನೀರು ಬರುತ್ತದೆ. ನಿಂತ ನೀರಿನಂತೆ ಕಾಣುತ್ತದೆ. ಮೇಲೆ ತೇಲುವ ಎಲೆ ಕದಲುವುದಿಲ್ಲ.

"ಎಲ್ಲಾರೂ ನಿಂದರ್ರಿ. ಮಾತ ಬ್ಯಾಡ. ಕಾಲಿನ ಮ್ಯಾಲ ಖಯಾಲ ಇಡ್ರಿ."

ನಿಲ್ಲುತ್ತೇವೆ. ಒಂದು ನಿಮಿಷ ಏನೂ ಇಲ್ಲ. ಆಮೇಲೆ, ಎಡಗಾಲಿನ ಹಿಮ್ಮಡಿಗೆ ತಣ್ಣಗಿನದೇನೋ ತಾಗುತ್ತದೆ, ಬೆರಳ ಸಂದಿಯಲ್ಲಿ ಹಾದು ಬಲಗಾಲಿಗೆ ದಾಟುತ್ತದೆ. ಮೇಲೆ ಬೆಚ್ಚಗಿನ ನೀರು ಸುಮ್ಮನಿದೆ. ಅಡಿಯಲ್ಲಿ ತಣ್ಣೀರು ನಡೆಯುತ್ತಿದೆ. ಇದನ್ನು ಬೂಟು ಹಾಕಿಕೊಂಡು ತಿಳಿಯಲು ನನ್ನಿಂದಾಗುತ್ತಿರಲಿಲ್ಲ.

"ಹತ್ತಲಾಕತ್ತದಲ್ರಿ ತಣ್ಣಗ?" ಜನಾಬಾಯಿ ಅಧ್ಯಕ್ಷರನ್ನೇ ನೋಡಿ ಕೇಳುತ್ತಾರೆ. "ದಿಬ್ಬದಿಂದ ಬಂದು ಆ ಬಾಜು ಮರಕ್ಕೆಲ್ಲಾ ಹೋಗ್ತದ. ನೀವು ದಾರಿ ಹಾಕೋದು ಇದರ ಕುತ್ತಿಗಿ ಮ್ಯಾಲ."

ಅಮಿತಕುಮಾರ ಬಗ್ಗಿ ಮೊಣಕೈವರೆಗೆ ನೀರಿನಲ್ಲಿ ಕೈ ಇಳಿಸುತ್ತಾರೆ. ಎದ್ದಾಗ ಅವರ ಮುಖದಲ್ಲಿ ಅಧ್ಯಕ್ಷಗಿರಿ ಉಳಿದಿಲ್ಲ.

"ಕಾಕು" ಎಂದು ಚಿಕ್ಕಮ್ಮನನ್ನು ಕರೆಯುವಂತೆ ಶುರು ಮಾಡುತ್ತಾರೆ, "ನಾ ಸುಳ್ಳ ಹೇಳಂಗಿಲ್ಲ. ಮಂದಿ ಬರ್ಲಿ ಅಂತ ಕಾಗದದಾಗ ಬರದೀನಿ. ಖರೇ ಅಂದ್ರ ನಮ್ಮವ್ವನ ಸಲುವಾಗಿ." ಅವರ ತಾಯಿ ಇದೇ ಊರಿನ ಸೊಸೆ. ಹೊಸ ಸೊಸೆಯಾಗಿದ್ದಾಗ ಹೆಳಲಿಗೆ ಮುಡಿಯಲು ಇಲ್ಲಿಂದಲೇ ಕೇದಿಗೆ ಒಯ್ದವರು. ಈಗ ಮೊಣಕಾಲು ಸೋತು ನಾಲ್ಕು ವರ್ಷವಾಯಿತು. "ದಿನಾ ಒಂದೇ ಮಾತು. ಆ ಹೂವಿನ ಗಿಡ ಒಮ್ಮಿ ನಿಂತು ನೋಡ್ತೀನಿ ಅಂತಾಳ. ಹೂವು ಮನಿಗಿ ತಂದುಕೊಟ್ರ ಬಾಜು ಇಡ್ತಾಳ. ಗಾಲಿ ಕುರ್ಚಿ ಈ ಕೆಸರಿನಾಗ ಹ್ಯಾಂಗ ಬರಬೇಕು, ನೀನೇ ಹೇಳು."

ಶೀಬಾ ಟೀಚರ್ ಕಣ್ಣೊರೆಸಿಕೊಳ್ಳುತ್ತಾರೆ. ತಪ್ಪು ಯಾರದೆಂದು ಮನಸ್ಸಿನಲ್ಲೇ ತೀರ್ಪು ಬರೆದಿಟ್ಟುಕೊಂಡಿದ್ದ ನನಗೆ ನಾಚಿಕೆಯಾಗುತ್ತದೆ.

ಜನಾಬಾಯಿ ಕೋಲನ್ನು ನೀರಿನಲ್ಲಿ ಊರಿ ಅದರ ಮೇಲೆ ಎರಡೂ ಕೈ ಇಡುತ್ತಾರೆ. "ಇಷ್ಟೇ ಇತ್ತೇನು? ಸಭಾದಾಗ ಯಾಕ ಹೇಳಲಿಲ್ರಿ?"

"ಸಭಾದಾಗ ಅವ್ವನ ಮಾತ ಹ್ಯಾಂಗ ಆಡ್ಲಿ, ಕಾಕು?"

"ನಿಮ್ಮವ್ವ ಅಂದ್ರ ನನಗ ಅಕ್ಕ. ಆಕಿಗಿ ನಾ ಹೊತ್ಕೊಂಡ ಬರ್ತೇನಿ. ಬೆನ್ನ ಮ್ಯಾಲ. ಬರೋ ಐತವಾರ ಕರ್ಕೊಂಡ ಬರ್ರಿ. ಅವತ್ತ ಮಂದಿಗಿ ತಂಡ ಇಲ್ಲ ಅಂತೇನಿ."

ಅಮಿತಕುಮಾರ ನಂಬಿಕೆಯಿಲ್ಲದವರಂತೆ ನೋಡುತ್ತಾರೆ. ಜನಾಬಾಯಿ ತಮಾಷೆ ಮಾಡುತ್ತಿಲ್ಲ. ಕೊನೆಗೆ ಅಧ್ಯಕ್ಷರು ಅಂಗಿಯ ಜೇಬಿನಿಂದ ಫೋನು ತೆಗೆದು, ಅಲ್ಲೇ ನೀರಿನಲ್ಲಿ ನಿಂತು ಟ್ರ್ಯಾಕ್ಟರಿನವನಿಗೆ ಹೇಳುತ್ತಾರೆ: ಬನಕ್ಕೆ ಇಳಿಯಬೇಡ, ಆ ಮುರುಮನ್ನು ಮೇಲಿನ ಬಸ್ ನಿಲ್ದಾಣದ ತಗ್ಗಿಗೆ ಹಾಕು. ನಮ್ಮ ಸಾಲಿನಲ್ಲಿ ಚಪ್ಪಾಳೆ ಹೊಡೆಯಲು ಹೋದ ಇಬ್ಬರು ಹಗ್ಗ ಕೈಬಿಟ್ಟರೆಂದು ಜನಾಬಾಯಿಯಿಂದ ಬೈಸಿಕೊಳ್ಳುತ್ತಾರೆ.

ವಾಪಸು ಬರುವಾಗ ಬಿಸಿಲು ಮರದ ಸಂದಿಯಿಂದ ಇಳಿದಿದೆ. ನನ್ನ ಪ್ರಶ್ನೆಗಳ ಪಟ್ಟಿಯಲ್ಲಿ ಕೊನೆಯದು ನಿಮ್ಮ ಆಸೆ ಏನು ಎಂಬುದು. ಕೇಳುತ್ತೇನೆ. ಜನಾಬಾಯಿಗೆ ಅದು ಕೇಳಿಸಿಯೇ ಇಲ್ಲ. ಅವರ ತಲೆಯಲ್ಲಿ ಬರುವ ಭಾನುವಾರ ಓಡುತ್ತಿದೆ.

"ಅಧ್ಯಕ್ಷರ, ಅಕ್ಕ ಎಷ್ಟ ಕೆಜಿ ಅದಾಳ್ರಿ?"

"ನಲವತ್ತೆರಡು ಅಂದಿದ್ರು ದವಾಖಾನಿದಾಗ."

ಜನಾಬಾಯಿ ಕೋಲು ಊರುತ್ತಾರೆ, ತಿರುವುತ್ತಾರೆ, ಎಳೆಯುತ್ತಾರೆ.

"ಅಷ್ಟೇನಾ? ನಮ್ಮ ಟಗರು ಅದಕ್ಕಿಂತ ಭಾರ ಇತ್ರಿ. ಕಾಲ ಮುರಕೊಂಡಾಗ ಹೊತ್ತು ಇದೇ ಕೆಸರು ದಾಟೀನಿ. ಅದು ದಾರಿ ತುಂಬಾ ಒದೀತಿತ್ತು. ಅಕ್ಕ ಒದೆಯಂಗಿಲ್ಲಲ್ಲ?"